ಮೂರು ಅಡಿ ಒಂಬತ್ತು ಇಂಚು

ಫೆಬ್ರುವರಿ 3, ಸೋಮವಾರ

ಮೂವತ್ತೆರಡು ವರ್ಷ ಸರ್ವೇ ಇಲಾಖೆಗೆ ಟೂರ್ ಡೈರಿ ಬರೆದುಕೊಟ್ಟವನು ನಾನು. ಇಂಥ ದಿನ ಕನ್ನೊಳ್ಳಿ, ಇಂಥ ಸರ್ವೇ ನಂಬರು, ಇಷ್ಟು ಚೈನು ಅಳತೆ, ಸಂಜೆಯ ಬಸ್ಸಿಗೆ ಬಸವನ ಬಾಗೇವಾಡಿಗೆ ವಾಪಸು. ಅವುಗಳನ್ನು ಯಾರೂ ಓದಿರಲಿಲ್ಲ ಎಂಬುದು ನಿವೃತ್ತಿಯ ದಿನ ಗೊತ್ತಾಯಿತು. ಕಪಾಟಿನಲ್ಲಿ ಕಟ್ಟಿದ ದಾರ ಕಟ್ಟಿದಂತೆಯೇ ಇತ್ತು. ಇದನ್ನೂ ಯಾರೂ ಓದುವುದು ಬೇಡ. ಆದರೆ ಬರೆಯದಿದ್ದರೆ ನನಗೆ ದಿನ ಮುಗಿದಂತಾಗುವುದಿಲ್ಲ.

ಸ್ಥಿತಿಗತಿ ಹೀಗಿದೆ. ನನ್ನ ಹೆಂಡತಿ ರಂಜನಾ ಜನವರಿ ನಾಲ್ಕರಂದು ಬಚ್ಚಲಲ್ಲಿ ಜಾರಿ ಬಿದ್ದಳು. ಬಲತೊಡೆಯ ಎಲುಬು ಮುರಿಯಿತು. ವಿಜಯಪುರದಲ್ಲಿ ಆಪರೇಶನ್ ಆಗಿ ಒಳಗೆ ರಾಡು ಕೂತಿದೆ. ಎಲುಬು ಚೆನ್ನಾಗಿ ಕೂಡುತ್ತಿದೆ, ಇನ್ನು ವಾಕರ್ ಹಿಡಿದು ನಿಲ್ಲಬೇಕು. ರಂಜನಾ ನಿಲ್ಲುವುದಿಲ್ಲ. ಪಾದ ನೆಲಕ್ಕೆ ತಾಗಿದ ಕೂಡಲೇ ಮೈ ನಡುಗಿ ಮತ್ತೆ ಮಲಗಿಬಿಡುತ್ತಾಳೆ. ನೋವಿಗಲ್ಲ, ಹೆದರಿಕೆಗೆ.

ಇವತ್ತು ತಪಾಸಣೆಗೆ ಹೋದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. "ಮಾರ್ಚ್ ಮುಗಿಯೂದ್ರೊಳಗ ನಡೀಲಿಲ್ಲಂದ್ರ ಕಾಲಾಗಿನ ಶಕ್ತಿ ಪೂರಾ ಹೋಗತೈತ್ರಿ. ಆಮ್ಯಾಲೆ ಹಾಸಗೀನ ಗತಿ."

ಐವತ್ತೇಳು ವರ್ಷದ ಹೆಂಗಸಿಗೆ ಹಾಸಿಗೆಯೇ ಗತಿ. ಮನೆಗೆ ಬಂದು ಉಪ್ಪಿಟ್ಟು ಮಾಡಿದೆ. ಅಂಟಿನಂತಾಯಿತು.

ಫೆಬ್ರುವರಿ 7, ಶುಕ್ರವಾರ

ಮತ್ತೆರಡು ಕಪ್ಪು, ಒಂದು ಬಶಿ ನನ್ನ ಕೈಯಲ್ಲಿ ಒಡೆದವು. ಬಿಳಿ ಕಪ್ಪು, ನೀಲಿ ಅಂಚಿನ ಬಶಿ, ರಂಜನಾಳ ತವರಿನವರು ಕೊಟ್ಟ ಸೆಟ್ಟು. ಪಾತ್ರೆ ತಿಕ್ಕಲು ಬರುವ ಹುಚ್ಚವ್ವ ಚೂರುಗಳನ್ನು ಗೂಡಿಸುತ್ತ, "ಸಾಹೇಬ್ರ, ನೀವು ಭೂಮೀನ ಅಳೀರಿ. ಕಪ್ಪು-ಬಶಿ ಮುಟ್ಟಬ್ಯಾಡ್ರಿ," ಎಂದಳು. ಒಡೆದ ಸಾಮಾನು ಮನೆಯಲ್ಲಿ ಇಡಬಾರದು ಎಂದು ಅವಳ ವಾದ. ಅವಳ ಮೇಲಿನ ಸಿಟ್ಟಿಗೆ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿಟ್ಟೆ.

ಒಳಗೆ ರಂಜನಾಳಿಗೆ ಎಲ್ಲ ಕೇಳಿಸಿತ್ತು. ಮೊದಲಾಗಿದ್ದರೆ ಬೈಗುಳ ಓಣಿಯ ಕೊನೆಗೂ ಕೇಳುತ್ತಿತ್ತು. ಇವತ್ತು ಗೋಡೆಯ ಕಡೆ ಹೊರಳಿ ಮಲಗಿದಳು. ಮೂವತ್ತನಾಲ್ಕು ವರ್ಷದಲ್ಲಿ ನನಗೆ ಇಷ್ಟು ಹೆದರಿಕೆ ಹುಟ್ಟಿಸಿದ್ದು ಬೇರೊಂದಿಲ್ಲ.

ಫೆಬ್ರುವರಿ 10, ಸೋಮವಾರ

ಮಸೂತಿ ಊರಿನ ಗವಂಡಿ ಮಾಳಿಂಗ ಬಚ್ಚಲಿಗೆ ಜಾರದ ಟೈಲ್ಸು ಕೂಡಿಸಲು ಬಂದಿದ್ದ. ಉಳಿದ ಚೂರುಗಳನ್ನು ಹಿತ್ತಲಲ್ಲಿ ಒಟ್ಟಿದಾಗ ಒಂದು ಪಿಕಳಾರ ಬಂದು ಅವನ ಸಿಮೆಂಟಿನ ಬುಟ್ಟಿಯಲ್ಲಿ ನಿಂತ ನೀರಿಗೆ ಇಳಿದು ರೆಕ್ಕೆ ಬಡಿಯಿತು. ಕಿಟಕಿಯಾಚೆ ಹಾಸಿಗೆಯಲ್ಲಿದ್ದ ರಂಜನಾ ಆ ಸದ್ದಿಗೆ ತಲೆ ಎತ್ತಿದಳು. ಬರೀ ತಲೆ, ಒಂದು ಕ್ಷಣ. ಆದರೆ ಎತ್ತಿದಳು. ನಾನು ಕಣ್ಣಾರೆ ನೋಡಿದೆ.

"ಈ ಚೂರನಾಗ ಹಕ್ಕಿ ಜಳಕಾ ಮಾಡು ಬೋಗುಣಿ ಮಾಡಬಹುದ್ರಿ," ಎಂದ ಮಾಳಿಂಗ. "ಸಿಮೆಂಟ್ ಬೋಗುಣಿ, ಒಳಗ ಚೂರು ಜೋಡಿಸಿ ಚಿತ್ರಾ. ಸಿಂದಗಿಯಾಗ ಒಬ್ಬರ ಮನ್ಯಾಗ ಮಾಡೇನಿ."

"ನೀ ತಳ ಹಾಕಿಕೊಡು. ಚಿತ್ರಾ ನಾನ ಕೂಡಸ್ತೀನಿ," ಎಂದೆ.

ಅವನು ನನ್ನ ಕೈ ನೋಡಿದ, ಹುಚ್ಚವ್ವನ ಮುಖ ನೋಡಿದ. ಇಬ್ಬರೂ ಏನೂ ಅನ್ನಲಿಲ್ಲ. ಅನ್ನದಿದ್ದದ್ದು ನನಗೆ ಚೆನ್ನಾಗಿ ಕೇಳಿಸಿತು.

ಫೆಬ್ರುವರಿ 12, ಬುಧವಾರ

ಸ್ಥಳ ಪರಿಶೀಲನೆ. ದಿಂಬಿನ ಮೇಲೆ ರಂಜನಾಳ ಕಣ್ಣಿನ ಎತ್ತರ ಎರಡು ಅಡಿ ನಾಲ್ಕು ಇಂಚು. ಕಿಟಕಿಯ ಕಟ್ಟೆ ಎರಡು ಅಡಿ ಏಳು ಇಂಚು. ಅವಳಿಂದ ಕಿಟಕಿಗೆ ಏಳು ಅಡಿ ನಾಲ್ಕು ಇಂಚು, ಕಿಟಕಿಯಿಂದ ಬೇವಿನ ನೆರಳಿಗೆ ಹದಿನಾರು ಅಡಿ. ಹಿತ್ತಲು ಮನೆಗಿಂತ ಆರು ಇಂಚು ತಗ್ಗು. ಕಿಟಕಿಯ ಕಟ್ಟೆ ಅಡ್ಡ ಬರದಂತೆ ದೃಷ್ಟಿರೇಖೆ ಎಳೆದು ನೋಡಿದರೆ ಬೋಗುಣಿಯ ಅಂಚು ಮೂರು ಅಡಿ ಎಂಟು ಇಂಚಿನ ಮೇಲಿರಬೇಕು. ಒಂದು ಇಂಚು ಹೆಚ್ಚಿಗೆ ಹಿಡಿದು ಮೂರು ಅಡಿ ಒಂಬತ್ತು ಇಂಚು ಎಂದು ಆದೇಶ ಮಾಡಿದೆ.

"ಎರಡೂವರಿ ಅಡಿ ಸಾಕಾಗತೈತ್ರಿ ಸಾಹೇಬ್ರ," ಎಂದ ಮಾಳಿಂಗ. "ಹಕ್ಕಿ ಜಳಕಾ ಮಾಡಾಕ ಮಾಳಗಿ ಏರಬೇಕೇನ್ರಿ?"

ನಾನು ಕಾಗದ ತೋರಿಸಿದೆ. ಲೆಕ್ಕದ ಮುಂದೆ ಗವಂಡಿಯ ಆಟ ನಡೆಯುವುದಿಲ್ಲ.

ರಂಜನಾಳಿಗೆ ಸುದ್ದಿ ತಿಳಿಸಿದೆ. "ಹೂಂ," ಎಂದಳು.

ಫೆಬ್ರುವರಿ 16, ರವಿವಾರ

ಉಸುಕನ್ನು ಗುಡ್ಡೆ ಮಾಡಿ ಅದರ ಮೇಲೆ ಸಿಮೆಂಟು ಮೆತ್ತಿ ಬೋಗುಣಿ ಎರಕವಾಯಿತು. ಎರಡು ಅಡಿ ಅಗಲ, ನಡುವೆ ಎರಡೇ ಇಂಚು ಆಳ. ಹೆಚ್ಚು ಆಳವಾದರೆ ಗುಬ್ಬಿ ಮುಳುಗುತ್ತದಂತೆ. ನಾಲ್ಕು ದಿನ ಹಸಿ ಗೋಣಿಚೀಲ ಹೊದಿಸಿಡಬೇಕು. ಮೂರು ಹೊತ್ತೂ ನಾನೇ ನೀರು ಹಾಕುತ್ತಿದ್ದೇನೆ.

ವ್ಯಾಯಾಮ ಮಾಡಿಸಲು ದಿನಾ ಹನ್ನೊಂದಕ್ಕೆ ಬರುವ ಶಾಹಿಸ್ತಾ ಇವತ್ತು ರವಿವಾರವಾದರೂ ಬಂದಳು. ಇಪ್ಪತ್ತಾರು ವರ್ಷದ ಹುಡುಗಿ, ತಾಳ್ಮೆ ಮಾತ್ರ ಎಂಬತ್ತು ವರ್ಷದ್ದು. "ಆಂಟಿ, ಪಾದ ಬರೇ ನೆಲಕ್ಕ ತಾಗಸ್ರಿ. ಭಾರಾ ಹಾಕಬ್ಯಾಡ್ರಿ," ಎಂದು ಅರ್ಧ ತಾಸು ಬೇಡಿಕೊಂಡಳು. ರಂಜನಾ ಅತ್ತಳು. ಹುಡುಗಿಯೂ ಹೋಗುವಾಗ ಕಣ್ಣು ಒರೆಸಿಕೊಂಡಳು.

ಫೆಬ್ರುವರಿ 24, ಸೋಮವಾರ

ಅಂತೂ ಮುಗಿಯಿತು! ನಾಲ್ಕು ದಿನದಿಂದ ಟೈಲ್ಸನ್ನೂ ಕಪ್ಪಿನ ಚೂರುಗಳನ್ನೂ ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಹೊಡೆದು, ಇಕ್ಕಳದಿಂದ ಕತ್ತರಿಸಿ, ಅಂಚು ತಿಕ್ಕಿ, ಬಿಳಿ ಸಿಮೆಂಟಿನ ಮೇಲೆ ಒಂದೊಂದನ್ನೇ ಕೂಡಿಸಿದೆ. ಬೆರಳಿಗೆ ಮೂರು ಪಟ್ಟಿ. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ ಎಂದು ಯಾರು ಹೇಳಿದರು? ಮುಂಜಿಯಾದಾಗಿನಿಂದ ದಿನಾ ಗೋಪಿಚಂದನದ ಮುದ್ರೆ ಒತ್ತಿಕೊಂಡವನು. ಆ ಆಕಾರ ನನ್ನ ಕೈಗೇ ಗೊತ್ತು. ಬಲಕ್ಕೆ ಚಕ್ರ, ಎಡಕ್ಕೆ ಶಂಖ, ನಡುವೆ ಪದ್ಮ. ಚಕ್ರದ ಒಂದೊಂದು ಅರವನ್ನೂ ಕೋನಮಾಪಕದಿಂದ ಅಳೆದು ಕೂಡಿಸಿದ್ದೇನೆ. ಇಡೀ ತಾಲೂಕಿನಲ್ಲಿ ಇಂಥದ್ದು ಇನ್ನೊಂದಿಲ್ಲ.

ನಾಳೆ ರಂಜನಾಳಿಗೆ ಫೋಟೊ ತೋರಿಸುತ್ತೇನೆ.

ಫೆಬ್ರುವರಿ 25, ಮಂಗಳವಾರ

ತೋರಿಸಿದೆ.

ಮೊದಲು ಫೋನನ್ನು ಹತ್ತಿರ ಹಿಡಿದಳು, ಆಮೇಲೆ ದೂರ ಹಿಡಿದಳು. "ಇದರೊಳಗ ಕಾಗಿ ಕೂಡೂದಿಲ್ಲೇನ್ರಿ?" ಎಂದಳು.

"ಕೂಡತಾವ. ಎಲ್ಲಾ ಹಕ್ಕೀನೂ ಬರತಾವ."

"ಕಾಗಿ ಬರೂದು, ದೇವರ ಶಂಖ-ಚಕ್ರದ ಮ್ಯಾಲೆ ಕಾಲಿಡೂದು, ಹೊಲಸು ಮಾಡೂದು! ಅದಕ್ಕ ಇಷ್ಟ ಚಂದ ಮಾಡೀರೇನು? ಮೂವತ್ತನಾಲ್ಕು ವರ್ಷ ತುಳಸಿ ಮುಂದ ರಂಗೋಲಿ ಹಾಕೀನಿ, ಒಂದು ದಿನ ತುಳಿಗೊಟ್ಟಿಲ್ಲ. ನೀವು ಒಂದ ವಾರದಾಗ ಊರಾಗಿನ ಕಾಗಿಗೆಲ್ಲಾ ತುಳಸ್ತೀರಲ್ಲ! ದಿನಾ ಮುದ್ರಾ ಹಚ್ಚಿಕೊಳ್ಳೋ ಮನಷ್ಯಾರು ನೀವು, ತಲಿಯೊಳಗ ಏನದ?"

ಬೈದಳು! ಏಳು ವಾರದ ಮೇಲೆ, ಪೂರ್ಣ ಗಂಟಲಲ್ಲಿ, ನಿಲ್ಲಿಸದೆ ಬೈದಳು. ಅಂಗಳದಲ್ಲಿದ್ದ ಹುಚ್ಚವ್ವ ಕಸಬರಿಗೆ ಹಿಡಿದೇ ಓಡಿಬಂದಳು. ಬೈಯುತ್ತ ಬೈಯುತ್ತ ರಂಜನಾ ಮೊಣಕೈ ಊರಿ ಅರ್ಧ ಎದ್ದಿದ್ದಳು. ನನಗೆ ತುಂಬ ಅವಮಾನವಾಯಿತು. ಹಾಗೆಯೇ ನಗುವೂ ಬರುತ್ತಿತ್ತು, ಅದಕ್ಕೂ ಬೈದಳು.

ಫೆಬ್ರುವರಿ 27, ಗುರುವಾರ

ಶಂಖ-ಚಕ್ರ ಒಡೆಯಬಾರದಂತೆ, ಬಿಡಿಸಿ ತೆಗೆಯಬೇಕಂತೆ. ತೆಗೆದದ್ದನ್ನು ತುಳಸಿಕಟ್ಟೆಯ ಗೋಡೆಗೆ, ಕಾಲು ತಾಗದ ಎತ್ತರದಲ್ಲಿ ಕೂಡಿಸಬೇಕಂತೆ. ಎರಡು ದಿನ ಚಾಣದಿಂದ ಚೂರು ಬಿಡಿಸಿದೆ. ಪ್ರತಿ ಚೂರಿಗೂ ಮನಸ್ಸಿನಲ್ಲಿ ಕ್ಷಮೆ ಕೇಳಿಕೊಂಡೆ. ಸೊಂಟ ಹಿಡಿದಿದೆ. ಬೋಗುಣಿ ಈಗ ಬೋಳು.

ಮಾರ್ಚ್ 2, ರವಿವಾರ

ಬೋಗುಣಿಯಲ್ಲಿ ಏನು ಚಿತ್ರ ಇರಬೇಕು ಎಂದು ರಂಜನಾಳನ್ನೇ ಕೇಳಿದೆ. ಮೊದಲೇ ಕೇಳಬೇಕಿತ್ತು, ನನಗೆ ಹೊಳೆದಿರಲಿಲ್ಲ.

ತವರಿನ ಹೊಲದ ಮಾತು ತೆಗೆದಳು. ಕನ್ನೊಳ್ಳಿಯಲ್ಲಿ ಬಿಳಿಜೋಳದ ಅಂಚಿಗೆ ಕುಸುಬಿ ಹಾಕುತ್ತಿದ್ದರಂತೆ, ದನ ಮುಳ್ಳಿಗೆ ಹೆದರಿ ಒಳಗೆ ಬರಬಾರದು ಎಂದು. ಹೂವಾದಾಗ ಹೊಲದ ಸುತ್ತ ಕೇಸರಿ ಅಂಚು, ನಡುವೆ ಬೆಳ್ಳಗೆ ತೆನೆ. ಆ ಹೊಲವನ್ನು ನಾನು ಸರಕಾರಿ ಕೆಲಸದ ಮೇಲೆ ಎರಡು ಸಲ ಅಳೆದಿದ್ದೇನೆ. ಉದ್ದ, ಅಗಲ, ಬಾಂದುಕಲ್ಲು ಎಲ್ಲ ನೆನಪಿದೆ. ಕುಸುಬಿ ಹೂ ಕಂಡ ನೆನಪೇ ಇಲ್ಲ.

"ಪ್ಯಾಡು, ಪೆನ್ಸಿಲ್ ಕೊಡ್ರಿ," ಎಂದಳು. ಬೆನ್ನಿಗೆ ಎರಡು ದಿಂಬು ಕೊಟ್ಟೆ. ಗೆರೆಯ ಮೇಲೆ ಗೆರೆ ಎಳೆದು ಒಂದು ತಾಸಿನಲ್ಲಿ ಇಡೀ ಹೊಲ ಬಿಡಿಸಿದಳು. ನಾನು ಅಲ್ಲೇ ಕೂತು ನೋಡಿದೆ. ಇವತ್ತು ಹುಳಿ ಮಾಡಿದ್ದೆ, ಎರಡನೆಯ ಸಲ ಹಾಕಿಸಿಕೊಂಡಳು.

ಮಾರ್ಚ್ 6, ಗುರುವಾರ

ಕೇಸರಿ ಬಣ್ಣ ಸಿಗುತ್ತಿಲ್ಲ. ಬಾಗೇವಾಡಿಯ ಮೂರು ಟೈಲ್ಸ್ ಅಂಗಡಿಗಳ ಹಿಂದಿನ ಒಡಕು ಟೈಲ್ಸಿನ ಗುಡ್ಡೆ ಕೆದರಿದೆ. ಮೊನ್ನೆ ಇಂಡಿಗೆ ಮದುವೆಗೆ ಹೋದಾಗ ಊಟ ಬಿಟ್ಟು ಅಲ್ಲಿಯ ಅಂಗಡಿಯನ್ನೂ ಜಾಲಾಡಿದೆ. ಕೇಸರಿ ಎಂದು ಒಂದು ಚೀಲ ಹೊತ್ತುತಂದರೆ ರಂಜನಾ ಅದರಲ್ಲಿ ಒಂದನ್ನೇ ಒಪ್ಪಿದಳು. "ಇದು ಇಟ್ಟಂಗಿ ಬಣ್ಣ. ಇದು ಕೆಮ್ಮಣ್ಣು. ನಿಮಗ ಕಣ್ಣು ಅವ ಇಲ್ಲೋ?"

ಮಾಡುವವನು ನಾನು, ಬೈಸಿಕೊಳ್ಳುವವನೂ ನಾನು. ರಂಜನಾ ಚೂರುಗಳನ್ನು ಮೊರದಲ್ಲಿ ಹಾಕಿಕೊಂಡು ಬಣ್ಣ ಬೇರೆ ಮಾಡುತ್ತ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಶಾಹಿಸ್ತಾ ಬಂದವಳು ಬಾಗಿಲಲ್ಲೇ ನಿಂತು, ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದಳು. ಏನೆಂದು ನನಗೆ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ ಒಂದು ಹಲಗೆ ತಂದು ನೇತಾಡುತ್ತಿದ್ದ ಆ ಪಾದಗಳು ಊರುವಂತೆ ಕೆಳಗೆ ಸರಿಸಿದಳು. ರಂಜನಾ ಕೇಸರಿ ಹುಡುಕುತ್ತಲೇ ಇದ್ದಳು.

ಮಾರ್ಚ್ 11, ಮಂಗಳವಾರ

ಇವತ್ತು ಕುಸುಬಿ ಹೂ ಹನ್ನೆರಡು, ತೆನೆ ನಾಲ್ಕು ಕೂಡಿದವು. ತೆನೆಯ ಕಾಳಿಗೆ ಡಬ್ಬಿಯಲ್ಲಿ ಉಳಿದಿದ್ದ ಬಿಳಿ ಕಪ್ಪು, ಆಕಾಶಕ್ಕೆ ನೀಲಿ ಬಶಿ. ನೀಲಿ ಸಾಲದೆ ಇನ್ನೆರಡು ಬಶಿ ಬೇಕೇಬೇಕು ಎಂದು ರಂಜನಾ ಹಟ ಹಿಡಿದಳು. ಹುಚ್ಚವ್ವ ಅವಳಿಗೆ, "ಸಾಹೇಬ್ರ ಕೈಯಾಗ ಕೊಡ್ರಿ ಬಾಯಾರ, ತಾನ ಒಡೀತಾವು," ಎಂದಳು. ಮೂವರೂ ನಕ್ಕೆವು. ಎಷ್ಟು ದಿನದ ಮೇಲೆ ಈ ಮನೆಯಲ್ಲಿ ಇಂಥ ನಗು!

ಶಾಹಿಸ್ತಾ ಏನೋ ಹೇಳಿದಳು, ಇನ್ನು ವಾಕರ್ ಹಿಡಿದು ಎರಡು ನಿಮಿಷ ನಿಲ್ಲಿಸಬೇಕು, ಭಾರ ಇಷ್ಟೇ ಹಾಕಬೇಕು ಅಂತ. ಚೂರುಗಳ ಸಂದಿಗೆ ತುಂಬುವ ಗ್ರೌಟು ಕಲಸುತ್ತಿದ್ದೆ, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಗ್ರೌಟು ತೆಳ್ಳಗಾಯಿತು.

ಮಾರ್ಚ್ 16, ರವಿವಾರ

ಸಿಮೆಂಟ್ ಪೈಪಿನ ಕಂಬ ನಿಂತಿತು. ಮಾಳಿಂಗನೂ ನಾನೂ ಬೋಗುಣಿಯನ್ನು ಎತ್ತಿ ಮೇಲೆ ಕೂಡಿಸಿದೆವು. ಲೆವೆಲ್ ಹಿಡಿದು ನೋಡಿದೆ, ಗುಳ್ಳೆ ನಟ್ಟನಡುವೆ. ಎತ್ತರ ಮೂರು ಅಡಿ ಒಂಬತ್ತು ಇಂಚು, ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲ. ನೀರು ಹಾಕಿದಾಗ ಕುಸುಬಿ ಹೂಗಳು ಆಗಷ್ಟೇ ಬಿರಿದಂತೆ ಕಂಡವು. ಮಾಳಿಂಗ ಟೊಪ್ಪಿಗೆ ತೆಗೆದು, "ಸಾಹೇಬ್ರ, ಕೈ ಕುಂತೈತ್ರಿ ನಿಮಗ," ಎಂದ. ಮೂವತ್ತೆರಡು ವರ್ಷದ ನೌಕರಿಯಲ್ಲಿ ಇಂಥ ಸರ್ಟಿಫಿಕೇಟು ಸಿಕ್ಕಿರಲಿಲ್ಲ.

ಒಳಗೆ ಓಡಿಹೋಗಿ, "ಕಾಣತದೇನು?" ಎಂದೆ.

"ಕಂಬ ಕಾಣತದ. ಬೋಗುಣಿ ಅಂಚು ಕಾಣತದ."

"ಹೊಲ?"

"ಅಂಚಿನ ಹೊರಗಿಂದ ಒಳಗಿಂದು ಹೆಂಗ ಕಾಣಬೇಕ್ರಿ?"

ನಾನು ಅವಳ ದಿಂಬಿನ ಮೇಲೆ ತಲೆಯಿಟ್ಟು ನೋಡಿದೆ. ಅವಳು ಹೇಳಿದ್ದು ನಿಜ. ದೃಷ್ಟಿರೇಖೆ ಅಂಚಿಗೆ ಬಂದು ಮುಟ್ಟುತ್ತದೆ, ಅಷ್ಟೇ. ಒಳಗಿನ ಒಂದು ಚೂರೂ ಕಾಣುವುದಿಲ್ಲ. ಎದ್ದು ಕೂತರೂ ಕಾಣುವುದಿಲ್ಲ. ಕಿಟಕಿ ಅಡ್ಡ ಬರಬಾರದೆಂದು ಲೆಕ್ಕ ಹಾಕಿದವನು, ಬಟ್ಟಲಿಗೆ ಒಳಗು ಇರುತ್ತದೆ ಎಂಬುದನ್ನು ಮರೆತೆ. ಊರಿನ ಜಮೀನನ್ನೆಲ್ಲ ಅಳೆದ ಈ ಸುಜಯೀಂದ್ರ ಸಾಹೇಬರು ಹೆಂಡತಿಯ ಹೊಲವನ್ನು ಹೆಂಡತಿಗೇ ಕಾಣದಂತೆ ಎತ್ತಿಟ್ಟಿದ್ದಾರೆ.

ಊಟ ಸೇರಲಿಲ್ಲ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಎದ್ದವನೇ ಮಾಳಿಂಗನಿಗೆ ಫೋನು ಮಾಡಿದೆ. ಕಂಬ ಕತ್ತರಿಸಿ, ಬೋಗುಣಿಯನ್ನು ಕಿಟಕಿಯ ಕಡೆ ಓರೆ ಮಾಡಿದರೆ ಹೇಗೆ? ಓರೆಯಾದರೆ ನೀರು ನಿಲ್ಲುವುದಿಲ್ಲ ಎಂದ. ಹಾಗಾದರೆ ಕಂಬವೇ ಬೇಡ, ಬೋಗುಣಿಯನ್ನು ಮಂಚದ ಹತ್ತಿರ ತಂದಿಡೋಣ ಎಂದೆ.

ಒಳಗಿನಿಂದ ರಂಜನಾ ಕೂಗಿದಳು. "ಫೋನ್ ಇಡ್ರಿ."

ಇಟ್ಟೆ.

"ಅದನ್ನ ಇಳಸಬ್ಯಾಡ್ರಿ. ಅದು ಅಲ್ಲೇ ಇರ್ಲಿ," ಎಂದಳು. "ನಾನ ಏಳ್ತೀನಿ."

ಹೊರಗೆ ಹೋಗಿ ಸುಮ್ಮನೆ ಬೋಗುಣಿಗೆ ಇನ್ನಷ್ಟು ನೀರು ಹಾಕಿದೆ.

ಮಾರ್ಚ್ 20, ಗುರುವಾರ

ನಿಂತಳು. ಗೋಡೆ ಹಿಡಿದು ಒಂದು ಸಲ, ವಾಕರ್ ಹಿಡಿದು ಮೂರು ಸಲ. ನಾಲ್ಕನೆಯ ಸಲ ಹೆಜ್ಜೆ ಎತ್ತಿದಳು. ಎರಡು ಹೆಜ್ಜೆಗೆ ಬೆವರು ಇಳಿದು ಸೆರಗು ತೊಯ್ದುಹೋಯಿತು. "ನೋವಾಗತದೇನು?" ಎಂದರೆ, "ಆಗತದ, ಸುಮ್ನಿರ್ರಿ," ಎಂದಳು.

ಹಕ್ಕಿಗಳು ಮಾತ್ರ ಬಂದಿಲ್ಲ. ಖುರ್ಚಿ ಹಾಕಿಕೊಂಡು, ವಹಿ ಹಿಡಿದು, ಮುಂಜಾನೆಯಿಂದ ಬೋಗುಣಿಯ ಹತ್ತಿರವೇ ಕಾದೆ. ಒಂದೂ ಇಲ್ಲ. ರಂಜನಾ ಕಿಟಕಿಯಿಂದ, "ನೀವು ಹಂಗ ತಲಾಟಿ ಗತೆ ವಹಿ ಹಿಡಕೊಂಡು ಕೂತರ ಯಾವ ಹಕ್ಕಿ ಬರ್ತದ? ಒಳಗ ಬರ್ರಿ," ಎಂದಳು. ಒಳಗೆ ಬಂದು ಹತ್ತು ನಿಮಿಷಕ್ಕೆ ಎರಡು ಗುಬ್ಬಿ ಅಂಚಿನ ಮೇಲೆ ಕೂತವು. ನಂತರ ಪಿಕಳಾರ. ನಂತರ ಸಾಕ್ಷಾತ್ ಕಾಗೆ. ಮಂಚದ ಮೇಲಿನಿಂದ ಎಲ್ಲವೂ ಸ್ವಚ್ಛ ಕಂಡವು. ನನ್ನ ಲೆಕ್ಕ ಅಷ್ಟಾದರೂ ಸರಿ ಇತ್ತಲ್ಲ.

ಮಾರ್ಚ್ 23, ರವಿವಾರ

ಕೋಣೆಯ ಬಾಗಿಲವರೆಗೆ ಹನ್ನೊಂದು ಅಡಿ. ಬಾಗಿಲಿನಲ್ಲಿ ನಿಂತು ಪಡಸಾಲೆಯನ್ನು ಹೊಸದಾಗಿ ಕಂಡವಳಂತೆ ನೋಡಿದಳು. "ಜೇಡರಬಲೆ ನೋಡ್ರಿ," ಎಂದಳು. ನಾನೂ ಹುಚ್ಚವ್ವನೂ ಮುಖ ಮುಖ ನೋಡಿಕೊಂಡೆವು.

ಮಾರ್ಚ್ 24, ಸೋಮವಾರ

ಹಿತ್ತಲ ಬಾಗಿಲವರೆಗೆ. ಹೊಸ್ತಿಲಿನ ಆಚೆ ಆರು ಇಂಚಿನ ಮೆಟ್ಟಿಲು. ಅದನ್ನು ನೋಡಿ ಕಾಲು ನಡುಗಿತು, ತಿರುಗಿ ಬಂದು ಮಲಗಿದಳು. ಸಂಜೆಯವರೆಗೆ ಗೋಡೆಯ ಕಡೆ ಹೊರಳಿಯೇ ಇದ್ದಳು. ನನಗೆ ಫೆಬ್ರುವರಿ ವಾಪಸು ಬಂದಂತಾಯಿತು.

ಮಾರ್ಚ್ 26, ಬುಧವಾರ

ಇವತ್ತಿನದನ್ನು ತಪ್ಪದೆ ಬರೆಯಬೇಕು.

ಹತ್ತು ಗಂಟೆಗೆ ರಂಜನಾ ತಾನಾಗಿಯೇ ಎದ್ದಳು. ಜರಿ ಅಂಚಿನ ಹಸಿರು ಸೀರೆ ಉಡಿಸಲು ಹುಚ್ಚವ್ವನಿಗೆ ಹೇಳಿದಳು. ಹೆರಳು ಹಾಕಿಸಿಕೊಂಡಳು. "ಯಾವ ಊರಿಗೆ ಹೊಂಟೀರಿ ಬಾಯಾರ?" ಎಂದು ಹುಚ್ಚವ್ವ ಕೇಳಿದರೆ, "ಹೊಲಕ್ಕ," ಎಂದಳು.

ಕೋಣೆ, ಪಡಸಾಲೆ, ಹಿತ್ತಲ ಬಾಗಿಲು. ಮೆಟ್ಟಿಲಿನಲ್ಲಿ ನಿಂತಳು. ಶಾಹಿಸ್ತಾ ಪಕ್ಕದಲ್ಲಿದ್ದಳು. ನಾನು ಹಿಂದೆ ಎರಡೂ ಕೈ ಚಾಚಿಕೊಂಡು ನಿಂತಿದ್ದೆ. "ಕೈ ತಗೀರಿ. ನಿಮ್ಮ ಕೈ ನೋಡಿದರ ನನಗ ಬೀಳತೀನಿ ಅನ್ನಸ್ತದ," ಎಂದಳು. ತೆಗೆದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಮಾಡಿಲ್ಲ.

ಶಾಹಿಸ್ತಾ ಮೆಲ್ಲಗೆ, "ಆಂಟಿ, ಮೊದಲ ವಾಕರ್. ಆಮ್ಯಾಲೆ ಆಪರೇಶನ್ ಆದ ಕಾಲು. ಆಮ್ಯಾಲೆ ಒಳ್ಳೇ ಕಾಲು," ಎಂದಳು. ವಾಕರ್ ಇಳಿಯಿತು. ಬಲಗಾಲು ಇಳಿಯಿತು. ರಂಜನಾ ಉಸಿರು ಬಿಗಿಹಿಡಿದಳು, ನಾನೂ ಹಿಡಿದೆ. ಎಡಗಾಲೂ ಇಳಿಯಿತು.

ಅಲ್ಲಿಂದ ಹದಿನೆಂಟು ಅಡಿ ನಡೆದು ಬೋಗುಣಿಯ ಮುಂದೆ ನಿಂತಳು. ಬಗ್ಗಿ ಒಳಗೆ ನೋಡಿದಳು. ನೀರಿನ ಕೆಳಗೆ ಅವಳ ಜೋಳ, ಅವಳ ಕುಸುಬಿ, ಅವಳ ಆಕಾಶ. ಎಷ್ಟು ಹೊತ್ತು ನೋಡಿದಳೋ, ನಾನು ಗಡಿಯಾರ ನೋಡಲಿಲ್ಲ. ಒಂದು ಕೈ ವಾಕರಿನಿಂದ ಬಿಡಿಸಿ ನೀರಿನಲ್ಲಿ ಅದ್ದಿದಳು, ತೆನೆಯ ಕಾಳುಗಳ ಮೇಲೆ ಬೆರಳು ಆಡಿಸಿದಳು.

"ಚಂದ ಆಗೇದ," ಎಂದಳು.

ನನಗೆ ಅಳು ಬಂತು. ಮುಚ್ಚಿಡಲು ಹೋಗಲಿಲ್ಲ. ಹುಚ್ಚವ್ವ, "ಅಯ್ಯ, ಸಾಹೇಬ್ರ ಅಳಾಕತ್ತಾರ," ಎಂದು ತಾನೂ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಶಾಹಿಸ್ತಾ ಚಪ್ಪಾಳೆ ತಟ್ಟಿದಳು, ಬೇವಿನಲ್ಲಿದ್ದ ಗುಬ್ಬಿಗಳೆಲ್ಲ ಹಾರಿಹೋದವು.

"ಗಾಲಿ ಖುರ್ಚಿ ತರಲೇನು? ದಣಿದೀ," ಎಂದೆ.

"ಬ್ಯಾಡ. ಬಂದ ಕಾಲಿಲೇ ಹೋಗ್ತೀನಿ. ನೀವು ಮುಂದ ನಡೀರಿ. ಹಿಂದ ತಿರುಗಿ ನೋಡಬ್ಯಾಡ್ರಿ."

ಮುಂದೆ ನಡೆದೆ. ನೋಡಲಿಲ್ಲ. ಹಿಂದೆ ಫರಶಿಕಲ್ಲಿನ ಮೇಲೆ ವಾಕರ್ ಇಟ್ಟ ಸದ್ದು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಮೆಟ್ಟಿಲು ಹತ್ತಿದ ಸದ್ದು. ಪಡಸಾಲೆ. ಮಂಚದ ಕೋಣೆಯ ಬಾಗಿಲು ಬಂತು. ನಾನು ಒಳಗೆ ಹೋಗಿ ಹಾಸಿಗೆ ಸರಿ ಮಾಡಿ, ದಿಂಬು ಎತ್ತಿ ಹಿಡಿದು ಕಾದೆ.

ವಾಕರಿನ ಸದ್ದು ಬಾಗಿಲಿಗೆ ಬಂತು. ನಿಲ್ಲದೆ ಮುಂದೆ ಅಡುಗೆಮನೆಯ ಕಡೆ ಹೋಯಿತು.